ತಪ್ಪು ಒಂದು ಹೆಜ್ಜೆ ಹಿಂದೆ ಇರುತ್ತದೆ: ಎಮ್‌ಆರ್‌ಐ ಚಿತ್ರದಲ್ಲಿ ಮೆದುಳನ್ನು ಬುರುಡೆಯಿಂದ ಬಿಡಿಸುವುದು, ಹೊಂದಿಸುವುದು

(ಮೆದುಳಿನ ಎಮ್‌ಆರ್‌ಐ ಚಿತ್ರಗಳ ಮೇಲೆ ಕೆಲಸ ಶುರು ಮಾಡಿರುವವರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಸ್ಲೈಡಿನಲ್ಲಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಮ್‌ಆರ್‌ಐ ಬಳಸಿ ಮಾಡಿದ ಯಾವುದಾದರೂ ಸಂಶೋಧನಾ ಲೇಖನ ತೆಗೆದು ನೋಡಿ. ವಿಧಾನದ ಭಾಗದಲ್ಲಿ ಹೆಚ್ಚುಕಡಿಮೆ ಒಂದೇ ತರಹದ ಸಾಲು ಇರುತ್ತದೆ. ಚಿತ್ರಗಳಿಂದ ಮೆದುಳಲ್ಲದ ಭಾಗವನ್ನು ತೆಗೆದೆವು, ಆಮೇಲೆ ಟೆಂಪ್ಲೇಟ್‌ಗೆ, ಅಂದರೆ ಎಲ್ಲರೂ ಬಳಸುವ ಒಂದು ಮಾದರಿ ಮೆದುಳಿನ ಚಿತ್ರಕ್ಕೆ, ಹೊಂದಿಸಿದೆವು. ಅಷ್ಟೇ. ಆ ಒಂದು ಸಾಲಿನ ಹಿಂದೆ ಎಷ್ಟು ತಲೆನೋವು ಇರುತ್ತದೆ ಅಂತ ಆ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು.

ಇವತ್ತು ಆ ಸಾಲಿನ ಬಗ್ಗೆಯೇ ಮಾತಾಡುತ್ತೇನೆ. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ, ತಪ್ಪು ಹೆಚ್ಚಾಗಿ ಆ ಕೂರಿಸುವ ಹಂತದಲ್ಲಿ ಇರುವುದಿಲ್ಲ. ಒಂದು ಹೆಜ್ಜೆ ಹಿಂದೆ ಇರುತ್ತದೆ. ಮೆದುಳನ್ನು ಬಿಡಿಸಿದ್ದು ಕೆಟ್ಟಿದ್ದರೆ, ತಪ್ಪು ಅದಕ್ಕೂ ಹಿಂದೆ ಇರುತ್ತದೆ. ನಾವು ಮಾತ್ರ ತಪ್ಪು ಕಂಡ ಜಾಗದಲ್ಲೇ ಕೂತು, ಅಲ್ಲಿ ಸಿಗುವ ಸಂಖ್ಯೆಗಳನ್ನೆಲ್ಲ ಏರಿಸಿ ಇಳಿಸಿ ನೋಡುತ್ತಿರುತ್ತೇವೆ.

ಬುರುಡೆ ಯಾಕೆ ತೆಗೆಯಬೇಕು

ತಲೆಯ ಟಿ1 ಚಿತ್ರವನ್ನು (ಮೆದುಳಿನ ರಚನೆ ತೋರಿಸುವ ಸಾಮಾನ್ಯ ಬಗೆಯ ಎಮ್‌ಆರ್‌ಐ ಚಿತ್ರ) ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಮೆದುಳಲ್ಲ. ಸುತ್ತ ಬೆಳ್ಳಗೆ ಹೊಳೆಯುವ ಒಂದು ಪಟ್ಟಿ. ಅದು ಚರ್ಮದ ಕೆಳಗಿನ ಕೊಬ್ಬು. ಅದರ ಒಳಗೆ ಕಪ್ಪು ಗೆರೆ, ಅದು ಬುರುಡೆಯ ಮೂಳೆ. ಗಟ್ಟಿ ಮೂಳೆಯಲ್ಲಿ ನೀರು ಕಡಿಮೆ, ಇರುವ ಸಿಗ್ನಲ್ ಕೂಡ ತಟ್ಟನೆ ಸತ್ತುಹೋಗುತ್ತದೆ. ಹಾಗಾಗಿ ಕಪ್ಪು. ಆ ಮೂಳೆಯ ನಡುವೆ ಇರುವ ಮಜ್ಜೆ ಮತ್ತೆ ಬಿಳಿ. ಅದರ ಒಳಗೆ ಡ್ಯೂರಾ ಎಂಬ ಗಟ್ಟಿ ಪೊರೆ, ಆಮೇಲೆ ಕಪ್ಪಾಗಿ ಕಾಣುವ ದ್ರವ, ಆಮೇಲೆ ಮೆದುಳು.

ಕಷ್ಟ ಕೊಡುವುದು ಈ ಡ್ಯೂರಾ. ಅದರ ಹೊಳಪು ಗ್ರೇ ಮ್ಯಾಟರ್ (ಮೆದುಳಿನ ಹೊರಪದರದ ಬೂದು ಅಂಗಾಂಶ) ಹೊಳಪಿಗೆ ತುಂಬಾ ಹತ್ತಿರ. ದ್ರವದ ಪದರ ದಪ್ಪಗಿದ್ದ ಕಡೆ ತೊಂದರೆ ಇಲ್ಲ, ನಡುವೆ ಕಪ್ಪು ಗೆರೆ ಕಾಣುತ್ತದೆ. ಯುವಕರ ಮೆದುಳು ಬುರುಡೆಗೆ ಅಂಟಿಕೊಂಡ ಹಾಗೆ ಇರುತ್ತದೆ. ಅಲ್ಲಿ ಪೊರೆ ಯಾವುದು, ಮೆದುಳು ಯಾವುದು ಅಂತ ಬೇರೆ ಮಾಡುವುದು ಕಣ್ಣಿಗೂ ಕಷ್ಟ, ಪ್ರೋಗ್ರಾಮಿಗೂ ಕಷ್ಟ.

ಇನ್ನೊಂದು ವಿಷಯ. ಸಾಮಾನ್ಯ ಎಮ್‌ಆರ್‌ಐ ಚಿತ್ರದ ಹೊಳಪಿಗೆ ಅಳತೆಯ ಏಕಮಾನ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ನೀರು ಅಂದರೆ 0 ಅಂತ ನಿಗದಿಯಾಗಿದೆ. ಇಲ್ಲಿ ಹಾಗಿಲ್ಲ. ಒಂದು ಯಂತ್ರದಲ್ಲಿ 400 ಬಂದ ವೈಟ್ ಮ್ಯಾಟರ್ (ಮೆದುಳಿನ ಒಳಗಿನ ಬಿಳಿ ಅಂಗಾಂಶ) ಇನ್ನೊಂದರಲ್ಲಿ 900 ಬರಬಹುದು. ಆದ್ದರಿಂದ ಇಂಥ ಸಂಖ್ಯೆಗಿಂತ ಮೇಲಿರುವುದೆಲ್ಲ ಮೆದುಳು ಅಂತ ಸರಳವಾಗಿ ಗೆರೆ ಎಳೆಯಲು ಆಗುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ತೆಗೆಯಬೇಕು? ಹೊಂದಿಸುವ ಪ್ರೋಗ್ರಾಮ್‌ಗೆ ಯಾವುದು ಮುಖ್ಯ ಅಂತ ಗೊತ್ತಿಲ್ಲ. ಅದಕ್ಕೆ ಎರಡು ಚಿತ್ರಗಳ ಹೊಳಪು ಒಟ್ಟಾರೆ ಹೊಂದಿದರೆ ಸಾಕು. ಕೊಬ್ಬಿನ ಪಟ್ಟಿ ದೊಡ್ಡದು, ಪ್ರಖರವಾದದ್ದು. ಅದು ಚಿತ್ರದಲ್ಲಿ ಉಳಿದರೆ ಪ್ರೋಗ್ರಾಮ್ ಅದನ್ನು ಹೊಂದಿಸಲು ಹೋಗಿ ಮೆದುಳನ್ನು ಅತ್ತಿತ್ತ ಎಳೆಯುತ್ತದೆ. ಕುತ್ತಿಗೆ ಸ್ವಲ್ಪ ಬಗ್ಗಿದ್ದರೂ, ದವಡೆ ತೆರೆದಿದ್ದರೂ ಅದರ ಪರಿಣಾಮ ಮೆದುಳಿನ ಮೇಲೆ ಬರುತ್ತದೆ.

ಬುರುಡೆ ಯಾವಾಗಲೂ ಬೇಡದ ವಸ್ತು ಅಂತ ಮಾತ್ರ ತಿಳಿಯಬೇಡಿ. ಒಬ್ಬರದೇ ಎರಡು ಸ್ಕ್ಯಾನ್ ಇಟ್ಟುಕೊಂಡು ಮೆದುಳು ಎಷ್ಟು ಕುಗ್ಗಿದೆ ಅಂತ ಅಳೆಯುವ ಸಿಯೆನಾ ಎಂಬ ಸಾಧನ ಇದೆ. ಅದು ಬುರುಡೆಯನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ದೊಡ್ಡವರ ಬುರುಡೆ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲವಲ್ಲ, ಅದಕ್ಕೆ. ಎರಡು ಸ್ಕ್ಯಾನಿನ ನಡುವೆ ಯಂತ್ರದ ಅಳತೆಯೇ ಸ್ವಲ್ಪ ಹಿಗ್ಗಿದ್ದರೆ ಬುರುಡೆ ಅದನ್ನು ತೋರಿಸಿಕೊಡುತ್ತದೆ.

ಬೆಟ್ ಒಳಗೆ ಏನಾಗುತ್ತದೆ

ಈ ಕೆಲಸಕ್ಕೆ ತುಂಬಾ ಜನ ಬಳಸಿರುವ ಸಾಧನ ಬೆಟ್. ಆಕ್ಸ್‌ಫರ್ಡ್‌ನ ಸ್ಟೀಫನ್ ಸ್ಮಿತ್ 2002ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಎಫ್‌ಎಸ್‌ಎಲ್ ಎಂಬ ಸಾಧನಗಳ ಗುಂಪಿನಲ್ಲಿ ಇದು ಸಿಗುತ್ತದೆ. ಈಗ ಇದಕ್ಕಿಂತ ಒಳ್ಳೆಯವು ಬಂದಿವೆ. ಆದರೂ ಇದನ್ನೇ ತೆಗೆದುಕೊಂಡು ವಿವರಿಸುತ್ತೇನೆ. ಯಾಕೆಂದರೆ ಇದರ ಒಳಗೆ ನಡೆಯುವುದು ಅರ್ಥವಾಗುವಷ್ಟು ಸರಳ. ಎಲ್ಲಿ ಕೈಕೊಡುತ್ತದೆ ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ.

ಬೆಟ್ ಮೊದಲು ಹೊಳಪುಗಳ ಹಂಚಿಕೆ ನೋಡುತ್ತದೆ. ಕೆಳಗಿನ ಶೇಕಡ 2, ಮೇಲಿನ ಶೇಕಡ 2 ಬಿಟ್ಟು, ಉಳಿದದ್ದರಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಲೆಕ್ಕ ಹಾಕುತ್ತದೆ. ಇವೆರಡರ ನಡುವೆ ಶೇಕಡ 10ರಷ್ಟು ಮೇಲೆ ಒಂದು ಗೆರೆ ಎಳೆದು, ಅದಕ್ಕಿಂತ ಕೆಳಗಿನದು ಗಾಳಿ, ಮೇಲಿನದು ತಲೆ ಅಂತ ಒರಟಾಗಿ ಬೇರೆ ಮಾಡುತ್ತದೆ. ಆ ತಲೆಯ ಗುರುತ್ವ ಕೇಂದ್ರ ಎಲ್ಲಿದೆ ಅಂತ ಹುಡುಕುತ್ತದೆ. ಅಲ್ಲಿ ಪುಟ್ಟ ಪುಟ್ಟ ತ್ರಿಕೋನಗಳಿಂದ ಮಾಡಿದ ಒಂದು ಗೋಳವನ್ನು ಇಡುತ್ತದೆ. ಆಮೇಲೆ ಆ ಗೋಳ ನಿಧಾನವಾಗಿ ಹೊರಗೆ ಹಿಗ್ಗುತ್ತದೆ. ಪ್ರತಿ ಬಿಂದುವೂ ತನ್ನ ಒಳಬದಿಯಲ್ಲಿ ಕಂಡ ಹೊಳಪನ್ನು ನೋಡಿ, ಇನ್ನೂ ಮುಂದೆ ಹೋಗಲಾ, ನಿಲ್ಲಲಾ ಅಂತ ತೀರ್ಮಾನಿಸುತ್ತದೆ. ಜೊತೆಗೆ ಮೇಲ್ಮೈ ನಯವಾಗಿರಬೇಕು ಅನ್ನುವ ಷರತ್ತೂ ಇರುತ್ತದೆ.

ಎಲ್ಲಿ ನಿಲ್ಲಬೇಕು ಅನ್ನುವುದನ್ನು ನಾವು ಕೊಡುವ ಒಂದು ಸಂಖ್ಯೆ ಹಿಡಿತದಲ್ಲಿ ಇಡುತ್ತದೆ. ಅದಕ್ಕೆ ಎಫ್ ಅಂತ ಕರೆಯುತ್ತಾರೆ. 0 ಇಂದ 1ರ ನಡುವೆ ಇರುತ್ತದೆ, ಏನೂ ಹೇಳದಿದ್ದರೆ 0.5. ಕಡಿಮೆ ಮಾಡಿದರೆ ಉಳಿಯುವ ಮೆದುಳು ದೊಡ್ಡದು, ಜಾಸ್ತಿ ಮಾಡಿದರೆ ಚಿಕ್ಕದು.

ಈಗ ಒಂದು ಚಿತ್ರ ತೋರಿಸುತ್ತೇನೆ. ತಲೆಯ ಪಕ್ಕದ ನೋಟ. ಸ್ಕ್ಯಾನ್ ಮಾಡಿದವರು ಉದಾರವಾಗಿ ಕುತ್ತಿಗೆಯ ತನಕ ತೆಗೆದಿದ್ದಾರೆ. ಬೆಟ್ ಓಡಿಸಿದಾಗ ಹೀಗೆ ಬಂದಿದೆ ನೋಡಿ. ಕೆಳಗೆ ಕುತ್ತಿಗೆಯ ಸ್ನಾಯು ಉಳಿದಿದೆ, ನಾಲಿಗೆಯ ಒಂದು ಭಾಗವೂ ಉಳಿದಿದೆ. ಮೇಲೆ ನೆತ್ತಿಯ ಹತ್ತಿರ ಮೆದುಳೇ ಕತ್ತರಿಸಿ ಹೋಗಿದೆ. ಇದನ್ನು ನೋಡಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಕುತ್ತಿಗೆ ಹೋಗಲಿ ಅಂತ ಎಫ್ ಅನ್ನು 0.7ಕ್ಕೆ ಏರಿಸುತ್ತಾರೆ. ಕುತ್ತಿಗೆ ಸ್ವಲ್ಪ ಹೋಗುತ್ತದೆ, ಜೊತೆಗೆ ಹಣೆ ಭಾಗದ ಕಾರ್ಟೆಕ್ಸ್, ಅಂದರೆ ಮೆದುಳಿನ ಹೊರಪದರವೂ ಹೋಗುತ್ತದೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಇಲ್ಲಿ ತಪ್ಪಿರುವುದು ಎಫ್ ಅಲ್ಲ. ಕುತ್ತಿಗೆಯೂ ಸೇರಿದ್ದರಿಂದ ಗುರುತ್ವ ಕೇಂದ್ರ ಕೆಳಗೆ ಜಾರಿದೆ. ಗೋಳ ಶುರುವಾಗಿದ್ದೇ ಮೆದುಳಿನ ತಳದಲ್ಲಿ. ಅಲ್ಲಿಂದ ಹೊರಟರೆ ನೆತ್ತಿ ತಲುಪುವುದು ಕಷ್ಟ, ನಾಲಿಗೆ ತಲುಪುವುದು ಸುಲಭ. ಮದ್ದು ಸುಲಭವಾಗಿದೆ. ಮೊದಲು ಕುತ್ತಿಗೆ ಕತ್ತರಿಸಿ. ಎಫ್‌ಎಸ್‌ಎಲ್‌ನಲ್ಲೇ ಅದಕ್ಕೆ ರೋಬಸ್ಟ್‌ಫೋವ್ ಅಂತ ಒಂದು ಸಣ್ಣ ಸಾಧನ ಇದೆ. ನೆತ್ತಿಯಿಂದ ಕೆಳಗೆ 170 ಮಿಲಿಮೀಟರ್ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಅಥವಾ ಬೆಟ್‌ಗೇ ಕೇಂದ್ರವನ್ನು ಮತ್ತೆ ಮತ್ತೆ ಲೆಕ್ಕ ಹಾಕು ಅಂತ ಹೇಳಬಹುದು, ದೊಡ್ಡ ಅಕ್ಷರದ ಆರ್ ಆಯ್ಕೆ ಇರುವುದೇ ಅದಕ್ಕೆ. ಅದೂ ಸಾಲದಿದ್ದರೆ ಚಿತ್ರದಲ್ಲಿ ಮೆದುಳಿನ ನಡುವೆ ಬೆರಳಿಟ್ಟು ನೋಡಿ, ಆ ಜಾಗದ ಮೂರು ಸಂಖ್ಯೆಗಳನ್ನು ನೀವೇ ಬರೆದುಕೊಡಿ. ಎಫ್ ಅನ್ನು ಮುಟ್ಟುವುದು ಇದೆಲ್ಲ ಆದ ಮೇಲೆ.

ಇದೇ ತರಹದ ಇನ್ನೊಂದು ಕಾಟ ಬಯಾಸ್ ಫೀಲ್ಡ್. ಚಿತ್ರದ ಒಂದು ಕಡೆ ಬೆಳಕು ಜಾಸ್ತಿ, ಇನ್ನೊಂದು ಕಡೆ ಕಡಿಮೆ. ತಲೆಯ ಸುತ್ತ ಇರುವ, ಸಿಗ್ನಲ್ ಹಿಡಿಯುವ ಕಾಯಿಲ್‌ಗೆ ಹತ್ತಿರ ಇದ್ದದ್ದು ಹೆಚ್ಚು ಹೊಳೆಯುತ್ತದೆ. 3 ಟೆಸ್ಲಾ ಆಯಸ್ಕಾಂತ ಬಲದ ಯಂತ್ರದಲ್ಲಿ 1.5 ಟೆಸ್ಲಾಗಿಂತ ಇದು ಜಾಸ್ತಿ, 7ರಲ್ಲಂತೂ ಕೇಳಲೇಬೇಡಿ. ಹಿಂಭಾಗ ಸರಿ ಬಂದು ಟೆಂಪೊರಲ್ ತುದಿ (ಕಿವಿಯ ಬದಿಯ ಮೆದುಳಿನ ಮುಂತುದಿ) ಕತ್ತರಿಸಿ ಹೋದರೆ ಮೊದಲು ಇದನ್ನೇ ಅನುಮಾನಿಸಿ. ಎನ್4 ಎಂಬ ಸಾಧನದಿಂದ ಮೊದಲು ಹೊಳಪು ಸಮ ಮಾಡಿಕೊಂಡು, ಆಮೇಲೆ ಬಿಡಿಸಿ. ಎನ್4 2010ರಿಂದ ಬಳಕೆಯಲ್ಲಿದೆ, ನಂಬಿಕೆಗೆ ಅರ್ಹ.

ಫ್ರೀಸರ್ಫರ್ ಎಂಬ ಇನ್ನೊಂದು ಸಾಧನ ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲೂ ಹೀಗೇ ತಿರುಗಿಸುವ ಒಂದು ಸಂಖ್ಯೆ ಇದೆ, ಸಾಮಾನ್ಯವಾಗಿ 25. ಅದನ್ನು ಕಡಿಮೆ ಮಾಡಿದರೆ ಜಾಸ್ತಿ ಕತ್ತರಿಸುತ್ತದೆ. ಬೆಟ್‌ಗೆ ಪೂರ್ತಿ ಉಲ್ಟಾ. ಎರಡೂ ಬಳಸುವವರು ಒಂದಲ್ಲ ಒಂದು ದಿನ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ.

ಒಂದು ಪದರ ಅಂದರೆ ಎಷ್ಟು

ಅಂಚಿನಲ್ಲಿ ಒಂದು ವೋಕ್ಸೆಲ್ (ಚಿತ್ರದ ಒಂದು ಪುಟ್ಟ ಘನ ಚುಕ್ಕೆ) ಆಚೆ ಈಚೆ ಆದರೆ ಏನು ಮಹಾ ಅಂತ ಕೇಳುವವರು ಇರುತ್ತಾರೆ. ಲೆಕ್ಕ ಹಾಕಿ ನೋಡೋಣ. ಮೆದುಳು ಸುಮಾರು 1300 ಮಿಲಿಲೀಟರ್ ಅಂತ ಇಟ್ಟುಕೊಳ್ಳಿ. ಅದನ್ನು ಒಂದು ಗೋಳ ಅಂದುಕೊಂಡರೆ ತ್ರಿಜ್ಯ 6.8 ಸೆಂಟಿಮೀಟರ್‌ಗೆ ಹತ್ತಿರ. ಹೊರಮೈ ಸುಮಾರು 576 ಚದರ ಸೆಂಟಿಮೀಟರ್. ವೋಕ್ಸೆಲ್ 1 ಮಿಲಿಮೀಟರ್ ಇದ್ದರೆ, ಆ ಹೊರಮೈಯ ಮೇಲೆ ಒಂದೇ ಒಂದು ಪದರ ಅಂದರೆ 57 ಮಿಲಿಲೀಟರ್‌ಗಿಂತ ಜಾಸ್ತಿ. ಮೆದುಳಿನ ಶೇಕಡ 4ಕ್ಕಿಂತ ಹೆಚ್ಚು! ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರಲ್ಲಿ ಮೆದುಳು ವರ್ಷಕ್ಕೆ ಕುಗ್ಗುವುದು ಶೇಕಡ 1ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ನಾವು ಅಳೆಯಲು ಹೊರಟದ್ದೇ ಇಷ್ಟು ಚಿಕ್ಕದು. ಮಾಸ್ಕ್‌ನ, ಅಂದರೆ ಮೆದುಳು ಅಂತ ಗುರುತು ಮಾಡಿ ಉಳಿಸಿಕೊಂಡ ಜಾಗದ, ಅಂಚು ಅದನ್ನು ನುಂಗಿ ನೀರು ಕುಡಿಯುತ್ತದೆ.

ಇನ್ನೊಂದು ಲೆಕ್ಕ. ಮಾಸ್ಕ್ ಎಷ್ಟು ಚೆನ್ನಾಗಿದೆ ಅಂತ ಹೇಳಲು ಡೈಸ್ ಎಂಬ ಅಂಕ ಕೊಡುತ್ತಾರೆ. ಪೂರ್ತಿ ಸರಿ ಇದ್ದರೆ 1. ಈಗ ಎರಡೂ ಕಡೆಯ ಟೆಂಪೊರಲ್ ತುದಿಗಳು ಸೇರಿ 20 ಮಿಲಿಲೀಟರ್ ಹೋಯಿತು, ಉಳಿದದ್ದೆಲ್ಲ ಸರಿ ಇದೆ ಅಂದುಕೊಳ್ಳಿ. ಡೈಸ್ ಎಷ್ಟು ಬರುತ್ತದೆ ಗೊತ್ತಾ? 0.99. ಲೇಖನದಲ್ಲಿ ಹಾಕಿಕೊಳ್ಳಲು ಬಹಳ ಚೆನ್ನಾದ ಅಂಕ. ಆದರೆ ನಿಮ್ಮ ಪ್ರಶ್ನೆ ಭಾವನೆಗಳ ಬಗ್ಗೆಯೋ ನೆನಪಿನ ಬಗ್ಗೆಯೋ ಆಗಿದ್ದರೆ, ನಿಮಗೆ ಬೇಕಿದ್ದ ಜಾಗವೇ ಚಿತ್ರದಲ್ಲಿ ಇಲ್ಲ. ಒಂದೇ ಅಂಕವನ್ನು ನಂಬಿಕೊಂಡು ಕೂರುವುದು ನನಗಂತೂ ಒಪ್ಪಿಗೆ ಇಲ್ಲ.

ಹಾಗಾದರೆ ಕಡಿಮೆ ಕತ್ತರಿಸುವುದು ವಾಸಿಯಾ, ಜಾಸ್ತಿ ಕತ್ತರಿಸುವುದು ವಾಸಿಯಾ? ಮುಂದೆ ಏನು ಮಾಡುತ್ತೀರಿ ಅನ್ನುವುದರ ಮೇಲೆ ಇದೆ. ಟೆಂಪ್ಲೇಟ್‌ಗೆ ಕೂರಿಸುವುದಕ್ಕಷ್ಟೇ ಆದರೆ ಅಲ್ಲಲ್ಲಿ ಚೂರು ಡ್ಯೂರಾ ಉಳಿದರೂ ನಡೆಯುತ್ತದೆ. ಹೋದ ಕಾರ್ಟೆಕ್ಸ್ ಮಾತ್ರ ಮುಂದಿನ ಯಾವ ಹಂತದಲ್ಲೂ ವಾಪಸ್ ಬರುವುದಿಲ್ಲ. ಆದರೆ ಕಾರ್ಟೆಕ್ಸ್‌ನ ದಪ್ಪ ಅಳೆಯುವವರಿಗೆ ಉಳಿದ ಡ್ಯೂರಾ ವಿಷವೇ. ಕಾರ್ಟೆಕ್ಸ್ ಸರಾಸರಿ ಎರಡೂವರೆ ಮಿಲಿಮೀಟರ್ ದಪ್ಪ. ಅದರ ಮೇಲೆ ಒಂದು ಮಿಲಿಮೀಟರ್ ಪೊರೆ ಸೇರಿಕೊಂಡರೆ ಅಳತೆಗೆ ಏನು ಅರ್ಥ?

ಗುಂಪಿನ ಅಧ್ಯಯನದಲ್ಲಿ ಇನ್ನೊಂದು ಪೆಟ್ಟು ಬೀಳುತ್ತದೆ, ಇದು ಹೆಚ್ಚಿನವರಿಗೆ ಹೊಳೆದಿರುವುದಿಲ್ಲ. ಎಫ್‌ಎಸ್‌ಎಲ್‌ನ ಎಫ್‌ಎಮ್‌ಆರ್‌ಐ (ಮೆದುಳಿನ ಚಟುವಟಿಕೆ ನೋಡುವ ಎಮ್‌ಆರ್‌ಐ) ವಿಶ್ಲೇಷಣೆಯಲ್ಲಿ ಗುಂಪಿನ ಮಾಸ್ಕ್ ಅಂದರೆ ಎಲ್ಲರ ಮಾಸ್ಕ್‌ನಲ್ಲೂ ಇರುವ ಜಾಗ ಮಾತ್ರ. 40 ಜನರಲ್ಲಿ ಒಬ್ಬರ ಹಣೆ ಭಾಗ ಕತ್ತರಿಸಿ ಹೋಗಿದ್ದರೆ 40 ಜನರ ಹಣೆ ಭಾಗವೂ ಫಲಿತಾಂಶದಿಂದ ಹೋಯಿತು. ಎಲ್ಲೂ ದೋಷದ ಸಂದೇಶ ಬರುವುದಿಲ್ಲ. ಅಲ್ಲಿ ಏನೂ ಸಿಗಲಿಲ್ಲ ಅಂತ ನೀವು ಬರೆದುಕೊಳ್ಳುತ್ತೀರಿ. ನಿಜವಾಗಿ ಅಲ್ಲಿ ಹುಡುಕಿಯೇ ಇರಲಿಲ್ಲ.

ಈಗ ಹೊಂದಿಸುವ ಕಡೆಗೆ

ರಿಜಿಸ್ಟ್ರೇಷನ್ ಅಂದರೆ ಒಂದು ಚಿತ್ರವನ್ನು ಜರುಗಿಸಿ, ತಿರುಗಿಸಿ, ಬೇಕಾದರೆ ಹಿಗ್ಗಿಸಿ ಬಗ್ಗಿಸಿ ಇನ್ನೊಂದರ ಮೇಲೆ ಕೂರಿಸುವುದು. ಎಷ್ಟು ಸ್ವಾತಂತ್ರ್ಯ ಕೊಡುತ್ತೀರಿ ಅನ್ನುವುದು ಮೊದಲ ಪ್ರಶ್ನೆ. ಮೂರು ದಿಕ್ಕಿನ ಜರುಗು, ಮೂರು ದಿಕ್ಕಿನ ತಿರುಗು, ಒಟ್ಟು 6. ಒಬ್ಬರದೇ ಎರಡು ಚಿತ್ರಗಳಿಗೆ ಇಷ್ಟು ಸಾಕು. ಹಿಗ್ಗು, ಓರೆ ಸೇರಿಸಿದರೆ 12. ಬೇರೆ ಬೇರೆ ಜನರ ತಲೆಗಳಿಗೆ, ಟೆಂಪ್ಲೇಟ್‌ಗೆ ಇದು ಬೇಕು. ಅದರ ಮೇಲೆ ಬೇಕಾದ ಕಡೆ ಬೇಕಾದಷ್ಟು ಬಗ್ಗಿಸುವ ನಾನ್‌ಲೀನಿಯರ್ ಹಂತ.

ಫ್ಲರ್ಟ್ ಎಂಬ ಸಾಧನಕ್ಕೆ ಏನೂ ಹೇಳದಿದ್ದರೆ 12 ತೆಗೆದುಕೊಳ್ಳುತ್ತದೆ. ಒಬ್ಬರದೇ ಎಫ್‌ಎಮ್‌ಆರ್‌ಐ ಚಿತ್ರವನ್ನು ಅವರದೇ ಟಿ1 ಮೇಲೆ ಕೂರಿಸುವಾಗಲೂ ಸುಮ್ನೆ ಅದನ್ನೇ ಬಿಟ್ಟವರು ಇದ್ದಾರೆ. ಕೂತ ಹಾಗೆ ಕಾಣುತ್ತದೆ. ಆದರೆ ಒಬ್ಬ ಮನುಷ್ಯನ ಮೆದುಳು ಹತ್ತು ನಿಮಿಷದಲ್ಲಿ ಹಿಗ್ಗುವುದಿಲ್ಲ, ಅಲ್ವಾ? ಆ ಹೆಚ್ಚುವರಿ ಸ್ವಾತಂತ್ರ್ಯ ಬೇರೆ ಯಾವುದೋ ತಪ್ಪನ್ನು ಮುಚ್ಚಿಹಾಕುತ್ತಿದೆ ಅಂತಲೇ ಅರ್ಥ.

ಆ ಬೇರೆ ತಪ್ಪು ಬಹಳ ಸಲ ಇಪಿಐ ಚಿತ್ರದ ವಕ್ರತೆ. ಎಫ್‌ಎಮ್‌ಆರ್‌ಐಗೆ ವೇಗವಾಗಿ ತೆಗೆಯುವ ಈ ಚಿತ್ರಗಳಲ್ಲಿ, ಗಾಳಿ ಮತ್ತು ಅಂಗಾಂಶ ಸೇರುವ ಕಡೆ ಆಯಸ್ಕಾಂತ ಕ್ಷೇತ್ರ ಕೆಡುತ್ತದೆ. ಮೂಗಿನ ಹಿಂದಿನ ಟೊಳ್ಳು, ಕಿವಿಯ ಹತ್ತಿರದ ಜಾಗ. ಅಲ್ಲಿ ಚಿತ್ರ ಒಂದು ದಿಕ್ಕಿಗೆ ಹಲವು ಮಿಲಿಮೀಟರ್ ಎಳೆದುಕೊಂಡು ಹೋಗುತ್ತದೆ, ಕೆಲವು ಕಡೆ ಸಿಗ್ನಲ್ಲೇ ಇರುವುದಿಲ್ಲ. ಇದನ್ನು 6ರಿಂದಲೂ ಸರಿ ಮಾಡಲಾಗದು, 12ರಿಂದಲೂ ಆಗದು. ಮಾಡಬೇಕಾದದ್ದು ಸ್ಕ್ಯಾನ್ ಮಾಡುವ ದಿನ. ಎದುರು ದಿಕ್ಕಿನಲ್ಲಿ ಇನ್ನೊಂದು ಚಿಕ್ಕ ಚಿತ್ರ ತೆಗೆಸಿಕೊಂಡರೆ, ಒಂದರಲ್ಲಿ ಮುಂದೆ ಎಳೆದದ್ದು ಇನ್ನೊಂದರಲ್ಲಿ ಹಿಂದೆ ಎಳೆದಿರುತ್ತದೆ. ಟಾಪಪ್ ಎಂಬ ಸಾಧನ ಎರಡನ್ನೂ ನೋಡಿ ನಿಜವಾದ ಜಾಗ ಲೆಕ್ಕ ಹಾಕುತ್ತದೆ. ಒಂದು ನಿಮಿಷಕ್ಕೂ ಕಡಿಮೆ ಸಮಯದ ಸ್ಕ್ಯಾನ್ ಅದು. ಅದನ್ನು ಬಿಟ್ಟು ಆಮೇಲೆ ವಾರಗಟ್ಟಲೆ ತಲೆಕೆಡಿಸಿಕೊಳ್ಳುವವರನ್ನು ನೋಡಿದರೆ ಪಾಪ ಅನಿಸುತ್ತದೆ.

ಸಿಗ್ನಲ್ಲೇ ಇಲ್ಲದ ಜಾಗವನ್ನು ಟಾಪಪ್ ಕೂಡ ತಂದುಕೊಡುವುದಿಲ್ಲ. ಇಂಥ ಅರೆಬರೆ ಚಿತ್ರಕ್ಕೆ 2009ರಲ್ಲಿ ಡಗ್ಲಸ್ ಗ್ರೀವ್ ಮತ್ತು ಬ್ರೂಸ್ ಫಿಶ್ಲ್ ಒಂದು ಜಾಣ ದಾರಿ ಹುಡುಕಿದರು. ಇಡೀ ಚಿತ್ರದ ಹೊಳಪನ್ನು ಹೋಲಿಸುವ ಬದಲು, ಟಿ1ನಲ್ಲಿ ಸ್ಪಷ್ಟವಾಗಿ ಕಾಣುವ ಗ್ರೇ ಮತ್ತು ವೈಟ್ ಮ್ಯಾಟರ್ ನಡುವಿನ ಗಡಿಯನ್ನು ತೆಗೆದುಕೊಂಡರು. ಆ ಗಡಿಯ ಎರಡೂ ಬದಿಗೆ ಇಪಿಐ ಚಿತ್ರದಲ್ಲಿ ಹೊಳಪು ಬದಲಾಗುತ್ತಿದೆಯಾ ಅಂತ ಮಾತ್ರ ನೋಡಿದರು. ಇಪಿಐಯಲ್ಲಿ ಮೆದುಳನ್ನು ಬಿಡಿಸಿದ್ದು ಅಷ್ಟು ಚೆನ್ನಾಗಿಲ್ಲದಿದ್ದರೂ, ಒಂದು ಭಾಗ ಸ್ಕ್ಯಾನ್‌ನಲ್ಲಿ ಬಂದೇ ಇಲ್ಲದಿದ್ದರೂ ಇದು ಹೆಚ್ಚಾಗಿ ತಡೆದುಕೊಳ್ಳುತ್ತದೆ. ಬದಲಿಗೆ ಟಿ1 ಚೆನ್ನಾಗಿರಬೇಕು. ನೋಡಿ, ಇಲ್ಲೂ ಭಾರ ಹಿಂದಿನ ಹೆಜ್ಜೆಯ ಮೇಲೇ ಬಿತ್ತು.

ಪೂರ್ತಿ ತಲೆಕೆಳಗಾಗಿ ಕೂತ ಚಿತ್ರ ಬಂದರೆ? ಅದು ಖುಷಿಯ ವಿಷಯ, ಯಾಕೆಂದರೆ ತಪ್ಪು ಎದ್ದು ಕಾಣುತ್ತದೆ. ಬಹಳ ಸಲ ಇದಕ್ಕೆ ಫೈಲ್‌ನ ಹೆಡರ್ ಕಾರಣ. ಈ ಚಿತ್ರಗಳನ್ನು ಉಳಿಸುವ ನಿಫ್ಟಿ ಫೈಲ್‌ನಲ್ಲಿ ವೋಕ್ಸೆಲ್‌ಗಳ ಜೊತೆಗೆ, ಹೆಡರ್ ಎಂಬ ಭಾಗದಲ್ಲಿ, ಯಾವ ಕಡೆ ಬಲ, ಯಾವ ಕಡೆ ಮುಂದೆ ಅನ್ನುವ ಮಾಹಿತಿ ಇರುತ್ತದೆ. ಅದೂ ಎರಡು ಕಡೆ, ಕ್ಯೂಫಾರ್ಮ್ ಮತ್ತು ಎಸ್‌ಫಾರ್ಮ್ ಅಂತ. ಎರಡೂ ಒಂದೇ ಮಾತು ಹೇಳಬೇಕು ಅಂತ ಕಟ್ಟುಪಾಡು ಇಲ್ಲ. ಒಂದು ಸಾಧನ ಒಂದನ್ನು ನಂಬುತ್ತದೆ, ಇನ್ನೊಂದು ಸಾಧನ ಇನ್ನೊಂದನ್ನು. ಹೀಗಿರುವಾಗ ಹುಡುಕುವ ಕೋನ ಹೆಚ್ಚಿಸಿ, ಅಳೆಯುವ ಸೂತ್ರ ಬದಲಿಸಿ ಅಂತ ಒದ್ದಾಡುವುದು ವ್ಯರ್ಥ. ಮೊದಲು ಹೆಡರ್ ಓದಿ. ಎಫ್‌ಎಸ್‌ಎಲ್‌ನ ರಿಓರಿಯೆಂಟ್ ಸಾಧನ 90 ಡಿಗ್ರಿಯ ತಿರುವುಗಳನ್ನಷ್ಟೇ ಮಾಡಿ ಚಿತ್ರವನ್ನು ಟೆಂಪ್ಲೇಟ್ ನಿಂತಿರುವ ಭಂಗಿಗೆ ತರುತ್ತದೆ. ಹೊಸದಾಗಿ ಸೇರುವವರಿಗೆ ನಾನು ಹೇಳಿಕೊಡುವ ಮೊದಲ ಕೆಲಸವೇ ಅದು.

ಹೆದರಬೇಕಾದದ್ದು ಎಡ ಬಲ ಅದಲು ಬದಲಾದಾಗ. ಮೆದುಳು ನೋಡಲು ಹೆಚ್ಚುಕಡಿಮೆ ಎರಡೂ ಕಡೆ ಒಂದೇ. ಬಲಗಡೆ ಮುಂಭಾಗ, ಎಡಗಡೆ ಹಿಂಭಾಗ ಚೂರು ಉಬ್ಬಿರುತ್ತದೆ ಅನ್ನುವುದು ಗುಂಪಿನ ಸರಾಸರಿಗೆ ನಿಜ, ಆದರೆ ಒಬ್ಬರ ಚಿತ್ರ ನೋಡಿ ಅದರಿಂದ ಎಡ ಬಲ ಹೇಳುವುದು ಅಪಾಯ. ಅದಲು ಬದಲಾದ ಚಿತ್ರ ಟೆಂಪ್ಲೇಟ್ ಮೇಲೆ ಲಕ್ಷಣವಾಗಿ ಕೂತುಬಿಡುತ್ತದೆ, ಯಾವ ಅಂಕವೂ ಕೂಗುವುದಿಲ್ಲ. ಹಳೆಯ ಅನಲೈಸ್ ಫೈಲ್‌ಗಳಲ್ಲಿ ಈ ಮಾಹಿತಿ ಸ್ಪಷ್ಟವಾಗಿ ಇರುತ್ತಲೇ ಇರಲಿಲ್ಲ. ಅದಕ್ಕೇ ಕೆಲವು ಕಡೆ ಸ್ಕ್ಯಾನ್ ಮಾಡುವಾಗ ಬಲ ಕಣತಲೆಗೆ ಒಂದು ವಿಟಮಿನ್ ಇ ಮಾತ್ರೆ ಅಂಟಿಸುವ ರೂಢಿ ಇದೆ. ಅದರೊಳಗಿನ ಎಣ್ಣೆ ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ನನ್ನ ಪ್ರಕಾರ ಈ ಇಡೀ ಕ್ಷೇತ್ರದಲ್ಲಿ ಅತಿ ಅಗ್ಗದ, ಅತಿ ಗಟ್ಟಿ ವಿಮೆ ಅದು. ಒಂದೇ ಬೇಜಾರು, ಬುರುಡೆ ಬಿಡಿಸಿದ ಕೂಡಲೇ ಆ ಚುಕ್ಕೆಯೂ ಹೋಗುತ್ತದೆ. ಹಾಗಾಗಿ ಬಿಡಿಸುವ ಮೊದಲೇ ನೋಡಿಕೊಳ್ಳಿ.

ಈಗ ಪದೇ ಪದೇ ನಡೆಯುವ ಒಂದು ಎಡವಟ್ಟು. ಎಫ್‌ಎಸ್‌ಎಲ್‌ನಲ್ಲಿ ಫ್ಲರ್ಟ್‌ಗೆ ಬಿಡಿಸಿದ ಮೆದುಳು ಕೊಡಬೇಕು, ಟೆಂಪ್ಲೇಟ್ ಕೂಡ ಬಿಡಿಸಿದ್ದೇ ಇರಬೇಕು. ಅದರ ನಂತರದ ನಾನ್‌ಲೀನಿಯರ್ ಸಾಧನ ಫ್ನರ್ಟ್. ಅದಕ್ಕೆ ಬುರುಡೆ ಇರುವ ಪೂರ್ತಿ ಚಿತ್ರ ಕೊಡಬೇಕು, ಟೆಂಪ್ಲೇಟೂ ಬುರುಡೆ ಇರುವುದೇ. ಯಾಕೆ ಹೀಗೆ? ಬಿಡಿಸುವಾಗ ಅಂಚಿನಲ್ಲಿ ಸಣ್ಣ ಪುಟ್ಟ ತಪ್ಪು ಆಗಿಯೇ ಇರುತ್ತದೆ. ಫ್ಲರ್ಟ್‌ಗೆ ಅದು ದೊಡ್ಡ ವಿಷಯ ಅಲ್ಲ, ಅದು ಇಡೀ ತಲೆಯನ್ನು ಒಟ್ಟಿಗೆ ಜರುಗಿಸುತ್ತದೆ. ಫ್ನರ್ಟ್ ಹಾಗಲ್ಲ, ಅದು ಒಂದೊಂದು ಜಾಗವನ್ನೂ ಬಗ್ಗಿಸುತ್ತದೆ. ಎಲ್ಲಿ ಕತ್ತರಿಸಿದ ಅಂಚು ಇದೆಯೋ ಅದನ್ನೇ ಮೆದುಳಿನ ನಿಜವಾದ ಅಂಚು ಅಂತ ನಂಬಿ ಎಳೆದು ಕೂರಿಸಲು ನೋಡುತ್ತದೆ. ಮೆದುಳಿನ ಮೇಲೇ ಗಮನ ಇರಲಿ ಅನ್ನುವುದಕ್ಕೆ ಟೆಂಪ್ಲೇಟ್‌ನ ಮಾಸ್ಕ್ ಅದರ ಬಳಿ ಇರುತ್ತದೆ. ಒಂದು ಕಡೆ ಬುರುಡೆ ಇದ್ದು ಇನ್ನೊಂದು ಕಡೆ ಇಲ್ಲದ ಚಿತ್ರ ಕೊಟ್ಟರಂತೂ ಮುಗಿಯಿತು. ಮೆದುಳು ಉಬ್ಬಿ, ಬುರುಡೆಯ ಜಾಗಕ್ಕೆ ಹೋಗಿ ಕೂರುತ್ತದೆ. ಕೂರಿಸಿದ ಮೆದುಳು ಟೆಂಪ್ಲೇಟ್‌ಗಿಂತ ಎಲ್ಲ ಕಡೆಯೂ ಒಂದೇ ಸಮ ದೊಡ್ಡದಾಗಿ ಕಂಡರೆ, ಯಾವ ಫೈಲ್ ಕೊಟ್ಟಿದ್ದೀರಿ ಅಂತ ಮೊದಲು ನೋಡಿ.

ಟೆಂಪ್ಲೇಟ್ ಅಂದೆ. ಅದೂ ದೇವರು ಕೊಟ್ಟದ್ದೇನಲ್ಲ. 1988ರ ತಲೈರಾಖ್ ಅಟ್ಲಾಸ್ ಮಾಡಿದ್ದು ತೀರಿಕೊಂಡ 60 ವರ್ಷದ ಒಬ್ಬ ಮಹಿಳೆಯ ಮೆದುಳಿನಿಂದ. ಈಗ ಎಲ್ಲರೂ ಬಳಸುವ ಎಮ್‌ಎನ್‌ಐ 152, ಹೆಸರೇ ಹೇಳುವ ಹಾಗೆ, 152 ಜನರ ಸರಾಸರಿ. ಹೆಚ್ಚಿನವರು ಯುವಕರು. ಅದರ ಅಳತೆ ನಿಜವಾದ ಸರಾಸರಿ ಮೆದುಳಿಗಿಂತ ದೊಡ್ಡದು. ಹಾಗಾಗಿ ಟೆಂಪ್ಲೇಟ್‌ಗೆ ಹೋದ ಮೇಲೆ ಮಿಲಿಲೀಟರ್ ಲೆಕ್ಕ ಹೇಳಬೇಡಿ. ವಯಸ್ಸಾದವರ ದೊಡ್ಡ ವೆಂಟ್ರಿಕಲ್‌ಗಳು (ಮೆದುಳಿನೊಳಗೆ ದ್ರವ ತುಂಬಿದ ಟೊಳ್ಳುಗಳು) ಇದರಲ್ಲಿ ಸರಿಯಾಗಿ ಕೂರುವುದಿಲ್ಲ. ಎಳೆ ಮಕ್ಕಳದಂತೂ ಬೇರೆಯೇ ಲೋಕ. ಹುಟ್ಟಿದಾಗ ಟಿ1ನಲ್ಲಿ ಗ್ರೇ, ವೈಟ್ ಹೊಳಪು ದೊಡ್ಡವರಿಗೆ ಉಲ್ಟಾ ಇರುತ್ತದೆ, ಸುಮಾರು ಆರು ತಿಂಗಳಿಗೆ ಎರಡೂ ಒಂದೇ ಬಣ್ಣ. ಗಡಿಯೇ ಕಾಣದ ಚಿತ್ರವನ್ನು ದೊಡ್ಡವರ ಟೆಂಪ್ಲೇಟ್‌ಗೆ ಕೂರಿಸಲು ಹೋಗುವುದರಲ್ಲಿ ಅರ್ಥ ಇಲ್ಲ, ಆ ವಯಸ್ಸಿನದೇ ಟೆಂಪ್ಲೇಟ್ ಬೇಕು.

ಪಾರ್ಶ್ವವಾಯು ಆದವರ, ಗಡ್ಡೆ ಇರುವವರ ಚಿತ್ರದಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಹಾಳಾದ ಜಾಗಕ್ಕೆ ಟೆಂಪ್ಲೇಟ್‌ನಲ್ಲಿ ಜೋಡಿಯೇ ಇಲ್ಲ. ಬಗ್ಗಿಸುವ ಪ್ರೋಗ್ರಾಮ್ ಅದನ್ನು ಅಳಿಸಿಹಾಕುವ ಹಾಗೆ ಸುತ್ತಲಿನ ಮೆದುಳನ್ನು ಅಲ್ಲಿಗೆ ಎಳೆದು ತುಂಬುತ್ತದೆ. ರೋಗವೇ ಕುಗ್ಗಿಹೋಗುತ್ತದೆ, ಕಾಗದದ ಮೇಲೆ! ಇದಕ್ಕೆ 2001ರಿಂದಲೇ ದಾರಿ ಇದೆ. ಆ ಜಾಗವನ್ನು ಗುರುತು ಮಾಡಿ, ಹೊಂದಾಣಿಕೆಯ ಲೆಕ್ಕದಿಂದ ಅದನ್ನು ಕೈಬಿಡುವುದು. ಗುರುತು ಮಾಡುವುದು ಬೇಸರದ ಕೆಲಸ. ಮಾಡಲೇಬೇಕು.

ಎಲ್ಲ ಸರಿ ಕೂತ ಮೇಲೂ ಕೆಡಿಸಿಕೊಳ್ಳುವ ಎರಡು ದಾರಿ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಚಿತ್ರವನ್ನು ಪ್ರತಿ ಹಂತದಲ್ಲೂ ಹೊಸದಾಗಿ ಬರೆಸಬೇಡಿ, ಪ್ರತಿ ಸಲವೂ ಚೂರು ಮಸುಕಾಗುತ್ತದೆ. ಲೆಕ್ಕಗಳನ್ನೆಲ್ಲ ಸೇರಿಸಿ ಕೊನೆಗೆ ಒಂದೇ ಸಲ ಅನ್ವಯಿಸಿ. ಮತ್ತೆ, 1, 2, 3 ಅಂತ ಅಂಕಿ ಹಾಕಿದ ಭಾಗಗಳ ಚಿತ್ರವನ್ನು ಸರಿಸುವಾಗ ಹತ್ತಿರದ ವೋಕ್ಸೆಲ್‌ನ ಅಂಕಿಯನ್ನೇ ತೆಗೆದುಕೊಳ್ಳಲು ಹೇಳಿ. ಇಲ್ಲದಿದ್ದರೆ 10ನೇ ಭಾಗ ಮತ್ತು 20ನೇ ಭಾಗದ ನಡುವೆ ಎಲ್ಲೂ ಇಲ್ಲದ 15ನೇ ಭಾಗ ಹುಟ್ಟಿಕೊಳ್ಳುತ್ತದೆ.

ಕೇಳಿದ ಪ್ರಶ್ನೆಗಳು

ಈಗ ಡೀಪ್ ಲರ್ನಿಂಗ್ ಬಂದಿದೆ, ಇದೆಲ್ಲ ಇನ್ನೂ ಬೇಕಾ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. 2019ರ ಎಚ್‌ಡಿ-ಬೆಟ್, 2022ರ ಸಿಂತ್‌ಸ್ಟ್ರಿಪ್ ನಿಜವಾಗಿಯೂ ಚೆನ್ನಾಗಿವೆ. ಸಿಂತ್‌ಸ್ಟ್ರಿಪ್ ನನಗೆ ವಿಶೇಷವಾಗಿ ಇಷ್ಟ. ಅದಕ್ಕೆ ತರಬೇತಿ ಕೊಟ್ಟದ್ದು ಕೃತಕ ಚಿತ್ರಗಳಿಂದ. ತಲೆಯ ಭಾಗಗಳ ನಕ್ಷೆ ತೆಗೆದುಕೊಂಡು, ಪ್ರತಿ ಭಾಗಕ್ಕೂ ಮನಸ್ಸಿಗೆ ಬಂದ ಹೊಳಪು ಕೊಟ್ಟು, ನಿಜದಲ್ಲಿ ಎಲ್ಲೂ ಇಲ್ಲದಂಥ ಚಿತ್ರಗಳನ್ನು ಮಾಡಿ ತೋರಿಸಿದರು. ಹಾಗಾಗಿ ಟಿ1, ಟಿ2, ಇಪಿಐ ಅಂತ ಚಿತ್ರದ ಬಗೆಯ ಬಗ್ಗೆ ಅದು ಜಾಸ್ತಿ ತಲೆಕೆಡಿಸಿಕೊಳ್ಳುವುದಿಲ್ಲ. ಹೊಸದಾಗಿ ಶುರು ಮಾಡುವವರು ಅದರಿಂದಲೇ ಶುರು ಮಾಡಿ ಅಂತಲೇ ನಾನೂ ಹೇಳುತ್ತೇನೆ. ಆದರೆ ಬೆಟ್ ತಪ್ಪಿದಾಗ ಯಾಕೆ ತಪ್ಪಿತು ಅಂತ ಹೇಳಬಹುದಿತ್ತು. ಇದು ತಪ್ಪಿದಾಗ ಹೇಳುವುದು ಕಷ್ಟ. ಹೆಡರ್ ಕೆಟ್ಟಿದ್ದರೆ, ಎಡ ಬಲ ಬದಲಾಗಿದ್ದರೆ ಇದೂ ಏನೂ ಮಾಡಲಾರದು.

ನೂರಾರು ಸ್ಕ್ಯಾನ್ ಇದ್ದರೆ ಕಣ್ಣಿನಿಂದ ನೋಡಲು ಆಗುತ್ತದಾ ಅಂತ ಇನ್ನೊಬ್ಬರು. ಆಗುತ್ತದೆ. ಪ್ರತಿ ಸ್ಕ್ಯಾನ್‌ಗೂ ಮೂರು ದಿಕ್ಕಿನ ಕೆಲವು ಸ್ಲೈಸ್, ಅದರ ಮೇಲೆ ಮಾಸ್ಕ್‌ನ ಅಂಚು ಕೆಂಪು ಗೆರೆಯಲ್ಲಿ. ಎಲ್ಲರದನ್ನೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಹಾಕಿ. ಸ್ಲೈಸಸ್‌ಡಿರ್ ಎಂಬ ಸಾಧನ ಈ ಪುಟವನ್ನು ತಾನೇ ಮಾಡಿಕೊಡುತ್ತದೆ. ಮೇಲಿಂದ ಕೆಳಗೆ ಕಣ್ಣು ಹಾಯಿಸುತ್ತಾ ಹೋದರೆ ಕೆಟ್ಟದ್ದು ತಾನಾಗಿ ಕಾಣುತ್ತದೆ. ಎಲ್ಲವನ್ನೂ ಒಂದೇ ಗಮನದಿಂದ ನೋಡಬೇಕಿಲ್ಲ. ಟೆಂಪೊರಲ್ ತುದಿ, ಹಣೆಯ ಕೆಳಭಾಗ, ಸೆರೆಬೆಲಮ್‌ನ (ಕಿರುಮೆದುಳಿನ) ಅಡಿ, ಕಣ್ಣುಗುಡ್ಡೆಯ ಹಿಂದೆ. ತಪ್ಪು ಅಡಗುವುದು ಹೆಚ್ಚಾಗಿ ಈ ಜಾಗಗಳಲ್ಲೇ.

ಕೊನೆಯ ಪ್ರಶ್ನೆ, ಮಾಸ್ಕ್ ಅನ್ನು ಕೈಯಲ್ಲಿ ತಿದ್ದಬಹುದಾ ಅಂತ. ತಿದ್ದಬಹುದು. ಆದರೆ ತಿದ್ದುವವರಿಗೆ ಯಾರು ರೋಗಿ, ಯಾರು ಆರೋಗ್ಯವಂತರು ಅಂತ ಗೊತ್ತಿರಬಾರದು. ರೋಗಿಯ ಚಿತ್ರ ಅಂತ ಗೊತ್ತಾದರೆ ಕೈ ತಾನಾಗಿ ಸ್ವಲ್ಪ ಒಳಗೆ ಹೋಗುತ್ತದೆ. ಮೇಲೆ ಲೆಕ್ಕ ಹಾಕಿದೆವಲ್ಲ, ಒಂದು ಪದರ ಅಂದರೆ ಶೇಕಡ 4. ಯಾರ್ಯಾರದನ್ನು ತಿದ್ದಿದ್ದೀರಿ, ಎಲ್ಲಿ ತಿದ್ದಿದ್ದೀರಿ ಅಂತ ಒಂದು ಕಡೆ ಬರೆದಿಡಿ, ತಿದ್ದುವ ಮುಂಚಿನ ಮಾಸ್ಕ್ ಅನ್ನು ಅಳಿಸಬೇಡಿ. ತಿದ್ದಬೇಕಾದವು ನಾಲ್ಕೈದು ಆದರೆ ತಿದ್ದಿ ಮುಂದೆ ಹೋಗಿ. ಅರ್ಧಕ್ಕರ್ಧ ತಿದ್ದಬೇಕು ಅನ್ನಿಸಿದರೆ ಪೆನ್ ಕೆಳಗಿಟ್ಟು, ಕಚ್ಚಾ ಚಿತ್ರಗಳನ್ನು ಮತ್ತೆ ತೆರೆಯಿರಿ.